ಇಂಜೆಕ್ಷನ್ ಬೇಡ, ಮಿಸ್ರಿ ಸಾಕು

ನಾನೀಗ ಐದು ತಿಂಗಳ ಬಸುರಿ ಎಂಬುದು ನಿಮಗೆಲ್ಲ ಗೊತ್ತೇ ಇದೆ. ಇಂದು ಡೊಂಬಿವಲಿಯಲ್ಲಿ ಹಲ್ಲಿನ ಡಾಕ್ಟರು ಹುಳುಕು ಹಲ್ಲು ಕೀಳುವ ಮೊದಲು ಇಂಜೆಕ್ಷನ್ ಎತ್ತಿಕೊಂಡರು. ಜೊತೆಗೆ ಬಂದಿದ್ದ ಅತ್ತೆ ಅಡ್ಡ ನಿಂತರು.

“ಬ್ಯಾಡ್ರೀ, ಆ ಸೂಜಿಯಿಂದ ಕೂಸಿಗೆ ಕೈಕಾಲು ಊನ ಆಗತೈತಿ. ಚಿಟಿಕಿ ಮಿಸ್ರಿ ಒತ್ತಿದ್ರ ನೋವು ಹೋಗತೈತಿ” ಎಂದು ತಾವು ದಿನಾ ಹಲ್ಲಿಗೆ ತಿಕ್ಕುವ ಆ ಕಪ್ಪು ಪುಡಿಯ ಡಬ್ಬಿ ತೆಗೆದರು.

ಉಡುಪಿ ಕಡೆಯ ಡಾಕ್ಟರು ಡಬ್ಬಿ ಮೂಸಿ ನೋಡಿದರು. “ಅಮ್ಮ, ಇದು ಹುರಿದ ತಂಬಾಕು. ಮಗುವಿಗೆ ಕೆಟ್ಟದ್ದು ಇದು. ಇಂಜೆಕ್ಷನ್ ಬಸುರಿಯರಿಗೂ ಕೊಡ್ತೇವೆ, ತೊಂದರೆ ಇಲ್ಲ.”

ಹಲ್ಲು ಕಿತ್ತಾಯಿತು. ರಿಕ್ಷಾದಲ್ಲಿ ಅತ್ತೆ ಮತ್ತೆ ಡಬ್ಬಿ ಚಾಚಿದರು. “ಚುಚ್ಚಿದಲ್ಲಿ ನೋಯಾಕತ್ತಿದ್ರ ಚೂರು ಹಚ್ಚಿಕೋ ಯವ್ವಾ. ಡಾಕ್ಟರಿಗೆ ಹೇಳಬ್ಯಾಡ.”

ಹೇಳುವುದು ಬಹಳವಿತ್ತು, ಆದರೆ ತುಟಿ ಇನ್ನೂ ಮರಗಟ್ಟಿತ್ತು. ಮನೆಯ ನೆಮ್ಮದಿಗಂತೂ ಈ ಇಂಜೆಕ್ಷನ್ ಒಳ್ಳೆಯದೇ.