ಮೂರರ ಬದಲು ಒಂದು ಬಾಟಲಿ

ಯುದ್ಧದ ವರ್ಷಗಳಲ್ಲಿ ನಾನು ದೊಡ್ಡಬಳ್ಳಾಪುರದ ಅಬಕಾರಿ ಉಗ್ರಾಣದ ಪರೀಕ್ಷಾ ಕೊಠಡಿಯಲ್ಲಿ ಕೆಲಸಕ್ಕಿದ್ದೆ. ರಸಾಯನಶಾಸ್ತ್ರ ಓದಿದವಳೆಂದು ಸಿಕ್ಕಿದ ಕೆಲಸ. ಕುಂದಾಣದಲ್ಲಿ ನಮ್ಮ ಮನೆಯವರು ಅದನ್ನು ‘ಔಷಧದ ಆಫೀಸು’ ಎಂದೇ ಹೇಳಿಕೊಂಡಿದ್ದರು.

ಹೊರದೇಶದ ಬ್ರಾಂದಿ, ವಿಸ್ಕಿಯ ಪೆಟ್ಟಿಗೆಗಳು ಮದರಾಸಿನಿಂದ ಬರುತ್ತಿದ್ದವು. ದಾರಿಯಲ್ಲಿ ಯಾರಾದರೂ ಮರದ ಸ್ಪಿರಿಟ್ ಎಂಬ ವಿಷ ಬೆರೆಸಿದ್ದರೆ ಕುಡಿದವರ ಕಣ್ಣು ಹೋಗುತ್ತದೆ. ಅದಕ್ಕಾಗಿ ಪ್ರತಿ ಪೆಟ್ಟಿಗೆಯ ಮೇಲಿನಿಂದ, ನಡುವಿನಿಂದ, ಅಡಿಯಿಂದ ಒಂದೊಂದು ಬಾಟಲಿ ತೆರೆದು ಪರೀಕ್ಷಿಸಬೇಕು. ಸರಿಯಿದ್ದರೆ ಉಳಿದವುಗಳ ಕತ್ತಿಗೆ ಚೀಟಿ ಅಂಟಿಸಿ ನಾನು ರುಜು ಹಾಕಬೇಕು.

ಎಷ್ಟು ಕೈ ತೊಳೆದರೂ ಸೀರೆಯಲ್ಲಿ ವಾಸನೆ ಉಳಿಯುತ್ತಿತ್ತು. ಒಂದು ಸಂಜೆ, ಪೆಟ್ರೋಲ್ ಸಿಗದೆ ಇದ್ದಿಲ ಗ್ಯಾಸಿನಿಂದ ಓಡುತ್ತಿದ್ದ ಬಸ್ಸಿನಲ್ಲಿ ಪಕ್ಕದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು, “ಓದಿದ ಹುಡ್ಗೀರೂ ಹಾಕ್ಕೊಂಡೇ ಬತ್ತಾರೆ ಕಣಕ್ಕ!” ಎಂದು ಜೊತೆಯವಳಿಗೆ ಹೇಳಿದಳು. ಇಬ್ಬರೂ ನಕ್ಕರು.

ಮರುದಿನದಿಂದ ನಾನು ಪೆಟ್ಟಿಗೆಗೆ ಒಂದೇ ಬಾಟಲಿ ತೆರೆಯತೊಡಗಿದೆ. ಅದನ್ನೇ ಮೂರು ಗಾಜಿನ ನಳಿಕೆಗಳಿಗೆ ಹಂಚಿ, ಪುಸ್ತಕದಲ್ಲಿ ಮೇಲು, ನಡು, ಅಡಿ ಎಂದು ಬರೆದೆ. ನನ್ನ ಅಕ್ಷರ ದುಂಡಗಿತ್ತು. ಯಾರೂ ಕೇಳಲಿಲ್ಲ.

ಆ ಚಳಿಗಾಲದಲ್ಲಿ ಅತ್ತಿಗೆ ಹೆತ್ತರು. ಬಾಣಂತಿಗೆ ಥಂಡಿ ಹಿಡಿಯಬಾರದೆಂದು ಬೆಳಿಗ್ಗೆ, ಸಂಜೆ ಒಂದೊಂದು ಚಮಚ ಬ್ರಾಂದಿ ಕುಡಿಸುವುದು ನಮ್ಮಲ್ಲಿ ವಾಡಿಕೆ. ಭಾನುವಾರ ಅಜ್ಜಿ ಬಾಟಲಿ ಹಿಡಿದು ಬಂದರು. ಅಣ್ಣ ದೇವನಹಳ್ಳಿಯಿಂದ ತಂದದ್ದು. ಕತ್ತಿನ ಮೇಲೆ ನನ್ನ ರುಜುವಿತ್ತು.

“ನಮ್ ಹುಡ್ಗಿ ರುಜು ಹಾಕವ್ಳೆ, ಇನ್ನೇನ್ ಭಯ! ಎರಡ್ ದಿನದಿಂದ ಇದ್ನೇ ಕೊಡ್ತಿವ್ನಿ,” ಎಂದರು ಅಜ್ಜಿ.

ನಾನು ಅತ್ತಿಗೆಯ ಹಾಸಿಗೆಯ ಬಳಿ ಹೋದೆ. “ಅತ್ತಿಗೆ, ಕಣ್ಣು ಸರಿಯಾಗಿ ಕಾಣ್ತಿದೆಯಾ?”

“ಬಾಣಂತಿಗೆ ಕಣ್ಣು ಯಾಕಮ್ಮ? ಕೂಸು ಅಳೋದು ಕಿವಿಗೆ ಕೇಳಿದ್ರೆ ಸಾಕು,” ಎಂದು ಅತ್ತಿಗೆ ನಕ್ಕರು.

“ಬಿರಡೆ ಸರಿಯಿಲ್ಲ, ಆಫೀಸಲ್ಲಿ ನೋಡಿ ತರ್ತೀನಿ” ಎಂದು ಸುಳ್ಳು ಹೇಳಿ ಬಾಟಲಿ ಇಸಿದುಕೊಂಡೆ. ಸೋಮವಾರ ಬಸ್ಸಿನಲ್ಲಿ ಅದು ಮಡಿಲಲ್ಲೇ ಇತ್ತು. ಯಾರು ಮೂಗು ಮುಚ್ಚಿಕೊಂಡರೋ ನಾನು ನೋಡಲಿಲ್ಲ.

ಪರೀಕ್ಷೆ ಮಾಡಿದೆ. ಮತ್ತೊಮ್ಮೆ ಮಾಡಿದೆ. ಬ್ರಾಂದಿ ಶುದ್ಧವಾಗಿತ್ತು. ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟೆ.

ಸಂಜೆ ಬಾಟಲಿಯನ್ನು ಹಿಂದಕ್ಕೆ ಕೊಟ್ಟು ಸುಮ್ಮನಿರಬಹುದಿತ್ತು. ಆದರೆ ಅತ್ತಿಗೆ ಚಮಚಕ್ಕೆ ಕೈ ಚಾಚಿದಾಗ ತಡೆಯಲಾಗದೆ ಎಲ್ಲವನ್ನೂ ಹೇಳಿದೆ, ಬಸ್ಸಿನ ಹೆಂಗಸಿನ ಮಾತನ್ನೂ ಸೇರಿಸಿ. ಅವರು ಕೂಸನ್ನು ಇನ್ನೊಂದು ತೊಡೆಗೆ ಬದಲಾಯಿಸಿಕೊಂಡರು.

“ನಿನ್ ಸೀರೆ ವಾಸ್ನೆ ಬರಬಾರ್ದು ಅಂತ ಇಷ್ಟೆಲ್ಲಾನಾ?” ಎಂದರು. ಚಮಚವನ್ನು ಪಕ್ಕಕ್ಕಿಟ್ಟು, “ಮಿಕ್ಕ ಬಾಟ್ಲಿ ಯಾರ್ ಮನೆಗೆ ಹೋದ್ವೋ ಅವ್ರಿಗೆ ಹೇಳಿದ್ಯಾ?” ಎಂದು ಕೇಳಿದರು.

ಹೇಳಿರಲಿಲ್ಲ. ಹೇಳಬೇಕೆಂದು ಯೋಚಿಸಿಯೂ ಇರಲಿಲ್ಲ. ಇಡೀ ದಿನ ನಾನು ಯೋಚಿಸಿದ್ದು ಒಂದೇ ಜೊತೆ ಕಣ್ಣುಗಳ ಬಗ್ಗೆ.

ಮರುದಿನ ಪುಸ್ತಕ ಹಿಡಿದು ಮೇಲಧಿಕಾರಿಯ ಮೇಜಿನ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಅಂಗಡಿಗಳಲ್ಲಿ ಉಳಿದಿದ್ದ ಬಾಟಲಿಗಳನ್ನು ವಾಪಸು ತರಿಸಿದರು. ಮಾರಿಹೋದವು ಬರಲಿಲ್ಲ. ಅವುಗಳ ಕತ್ತಿನ ಮೇಲೂ ನನ್ನ ರುಜುವಿತ್ತು. ನಮ್ಮ ಮನೆಯ ಬಾಟಲಿಯನ್ನು ಅತ್ತಿಗೆ ಮತ್ತೆ ಮುಟ್ಟಲಿಲ್ಲ.