ಪೂಜೆಗೆ ಮುಂಚಿನ ಗುಳಿಗೆ

ಕೊಣ್ಣೂರಿನ ಗೌರವ್ವ ಬಡಿದ ರೊಟ್ಟಿ ಗೋಕಾಕದ ಖಾನಾವಳಿಗಳಿಗೆ ಹೋಗುತ್ತದೆ. ಹುಕ್ಕೇರಿಯ ತವರಿನಿಂದ ತಂದ ಬಂಗಾರ ಎಂದೋ ಕರಗಿತು, ಕೈಗುಣ ಮಾತ್ರ ಉಳಿಯಿತು. ಮಾತು ಕಡಿಮೆ, ಹಟ ಜಾಸ್ತಿ. ಅಂಥವರು ಮನೆಗೊಬ್ಬರಿದ್ದರೆ ಸಾಕು. ಆದರೆ ಗಂಡ ಮುರಿಗೆಪ್ಪನೂ ಅದೇ ಜಾತಿಯ ಹಟಮಾರಿ.

ಹೋದ ವರ್ಷ ಅವನಿಗೆ ಹೃದಯಾಘಾತವಾಯಿತು. ಬದುಕಿದ್ದೇ ದೊಡ್ಡದು. ಆಸ್ಪತ್ರೆಯಿಂದ ಬಿಡುವಾಗ ನರ್ಸ್ ಭಾಗ್ಯಾ ಮುರಿಗೆಪ್ಪನ ಮೊಬೈಲಿಗೆ ಒಂದು ವಿಡಿಯೊ ಹಾಕಿಕೊಟ್ಟಳು. ಉಪ್ಪು ಎಷ್ಟು, ನಡಿಗೆ ಎಷ್ಟು, ಎದೆನೋವು ಬಂದರೆ ಆಸ್ಪತ್ರೆಯವರು ಕೊಟ್ಟ ಗುಳಿಗೆಯನ್ನು ಹೇಗೆ ತೆಗೆದುಕೊಳ್ಳಬೇಕು, ಎಲ್ಲ ಅದರಲ್ಲಿತ್ತು.

"ದಿನಾ ನೋಡ್ರಿ ಕಾಕಾ," ಎಂದಳು.

ಅವನು ನೋಡಿದ, ಗೌರವ್ವ ರೊಟ್ಟಿ ಬಡಿಯುತ್ತ ಕೇಳಿದಳು. ಕೇಳಿ ಕೇಳಿ ಅವಳಿಗೆ ಬಾಯಿಪಾಠವೇ ಆಯಿತು. ಅವನು ತಂಬಾಕು ಬಿಟ್ಟ, ಉಪ್ಪಿನಕಾಯಿ ಬಿಟ್ಟ. ಒಂದನ್ನು ಮಾತ್ರ ಬಿಡಲಿಲ್ಲ. ಬೆಳಿಗ್ಗೆ ಲಿಂಗಪೂಜೆಯಾಗದೆ ಬಾಯಿಗೆ ಹನಿ ನೀರೂ ಹಾಕುತ್ತಿರಲಿಲ್ಲ. ಉಣ್ಣುವ ತುತ್ತನ್ನೂ ಲಿಂಗಕ್ಕೆ ಅರ್ಪಿಸಿಯೇ ಉಣ್ಣುತ್ತಿದ್ದ.

"ಪೂಜಿ ಮುಗಿಯೂತನಾ ನೋವು ಹೊರಗ ನಿಂದರತೈತೇನ್ರಿ?" ಎಂದು ಅವಳು ಕೇಳಿದರೆ, "ಅದನ್ನ ಶಿವಾ ನೋಡ್ಕೊಂತಾನ," ಎನ್ನುತ್ತಿದ್ದ.

ಶ್ರಾವಣದ ಒಂದು ಸೋಮವಾರ ಅವನು ಎಡಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಕುಳಿತಿದ್ದ. ವಿಭೂತಿಯ ಮೇಲೆ ಬೆವರು ಇಳಿಯಿತು. ಬಲಗೈ ಎದೆಗೆ ಹೋಯಿತು. ಗೌರವ್ವ ಹಿಟ್ಟಿನ ಕೈಯಲ್ಲೇ ಓಡಿಬಂದು ಗುಳಿಗೆ ತೆಗೆದಳು.

"ಬಾಯಿ ತೆರೀರಿ. ನಾಲಿಗಿ ಕೆಳಗ ಇಡಬೇಕು."

"ಪೂಜಿ ಮುಗೀಲಿ," ಎಂದು ಅವನು ಹಲ್ಲು ಕಚ್ಚಿದ.

ಬೈಯಲು ಹೊತ್ತಿರಲಿಲ್ಲ. ಅವಳಿಗೆ ಸಿಟ್ಟು ಬಂದಿತ್ತು, ಅದಕ್ಕಿಂತ ಹೆಚ್ಚು ಭಯವಾಗಿತ್ತು. ಬಲವಂತವಾಗಿ ಇಟ್ಟರೆ ಈ ಮನುಷ್ಯ ಉಗುಳಿಬಿಡುವವನೇ. ಅವಳು ಒಮ್ಮೆ ಕಣ್ಣು ಮುಚ್ಚಿ, ಗುಳಿಗೆಯನ್ನು ಅವನ ಅಂಗೈಯ ಲಿಂಗಕ್ಕೆ ಮುಟ್ಟಿಸಿದಳು.

"ಲಿಂಗಕ್ಕ ಅರ್ಪಿಸೇನಿ. ಈಗಿದು ಪ್ರಸಾದ. ಬ್ಯಾಡ ಅಂತೀರೇನು?"

ಪ್ರಸಾದವನ್ನು ಅವನು ಹುಟ್ಟಿದಾಗಿನಿಂದ ಬೇಡವೆಂದವನಲ್ಲ. ಬಾಯಿ ತೆರೆದ. ಅವಳು ಗುಳಿಗೆಯನ್ನು ನಾಲಿಗೆಯಡಿ ಇಟ್ಟು, ವಿಡಿಯೊದಲ್ಲಿ ಹೇಳಿದಂತೆ ಅವನನ್ನು ಏಳಗೊಡದೆ ಗೋಡೆಗೊರಗಿಸಿ, ಬಾಜೂ ಮನೆಯ ಸೋಮಶೇಖರನನ್ನು ಕೂಗಿ ಆಂಬುಲೆನ್ಸಿಗೆ ಫೋನ್ ಮಾಡಿಸಿದಳು. ಅದು ಬರುವವರೆಗೂ ಲಿಂಗ ಹಿಡಿದ ಅವನ ಕೈಯನ್ನು ತನ್ನ ಹಿಟ್ಟಿನ ಕೈಯಲ್ಲಿ ಹಿಡಿದೇ ಇದ್ದಳು.

ಆಸ್ಪತ್ರೆಯಲ್ಲಿ ಅವನು ಚೇತರಿಸಿಕೊಂಡ ಮೇಲೆ ಭಾಗ್ಯಾ ಬಂದಳು. "ವಿಡಿಯೊ ನೋಡಿದ್ದು ಉಪಯೋಗ ಆತು ನೋಡ್ರಿ ಕಾಕಾ. ಹೊತ್ತಿಗೆ ಸರಿಯಾಗಿ ಗುಳಿಗಿ ತೊಗೊಂಡ್ರಿ."

"ನಾ ಗುಳಿಗಿ ತೊಗೊಂಡಿಲ್ಲ ಯವ್ವಾ," ಎಂದ ಮುರಿಗೆಪ್ಪ ಸಣ್ಣ ದನಿಯಲ್ಲಿ. "ಗೌರವ್ವ ಪ್ರಸಾದ ಕೊಟ್ಲು."

ಅಲ್ಲಿಯವರೆಗೆ ಕಣ್ಣಲ್ಲಿ ನೀರು ತರದಿದ್ದ ಗೌರವ್ವ ಸೆರಗು ಬಾಯಿಗೊತ್ತಿಕೊಂಡು ಅತ್ತಳು.