ಪೂಜೆಯಾದ ಸರ್ಟಿಫಿಕೇಟು

ಮೊನ್ನೆ ನವರಾತ್ರಿಗೆ ಪೂಜೆಯ ಸಾಮಾನು ಹುಡುಕಲು ಟ್ರಂಕು ತೆಗೆದಾಗ ಕರ್ಪೂರದ ಘಮ ಮೂಗಿಗೆ ಹೊಡೆಯಿತು. ತಳದಲ್ಲಿ ಅರಿಶಿನ ಕುಂಕುಮ ಮೆತ್ತಿಕೊಂಡ ನನ್ನ ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟು. ಒಬ್ಬಳೇ ಕೂತು ನಕ್ಕೆ. ಯಲಹಂಕದ ನಮ್ಮ ಪಕ್ಕದ ಮನೆಯ ದೊಡ್ಡಮ್ಮ ಕಣ್ಣ ಮುಂದೆ ಬಂದು ನಿಂತರು...

ಐವತ್ತರ ದಶಕದ ಕೊನೆಯ ಮಾತು. ದೊಡ್ಡಮ್ಮ ಎಮ್ಮೆ ಸಾಕಿ ಬೀದಿಗೆಲ್ಲ ಹಾಲು ಹಾಕುತ್ತಿದ್ದರು. ಅಕ್ಷರ ಬಾರದು, ಆದರೆ ಸರಸ್ವತಿ ಪೂಜೆಗೆ ಬೀದಿಯ ಮಕ್ಕಳ ಪುಸ್ತಕಗಳೆಲ್ಲ ಅವರ ಮನೆಯಲ್ಲೇ ಕೂರಬೇಕು. ಆ ವರ್ಷ ನಮ್ಮಮ್ಮ ಹೆಮ್ಮೆಯಿಂದ ನನ್ನ ಸರ್ಟಿಫಿಕೇಟನ್ನೂ ಕಳಿಸಿದಳು. ಅಷ್ಟು ಓದಿದ ಹುಡುಗಿ ನಮ್ಮ ಬೀದಿಯಲ್ಲಿ ನಾನೇ ಮೊದಲು. ಸುಮ್ಮನೆ ದೇವರ ಮುಂದಿಟ್ಟರೆ ದೊಡ್ಡಮ್ಮನಿಗೆ ಸಮಾಧಾನವೇ? ಹೊಸ್ತಿಲಿಗೆ, ತಕ್ಕಡಿಗೆ ಇಡುವ ಹಾಗೆ, ನೀರಲ್ಲಿ ಕಲಸಿದ ಅರಿಶಿನ ಕುಂಕುಮವನ್ನು ಅಂಕಗಳ ಮೇಲೆಲ್ಲ ಇಟ್ಟು, ನನ್ನ ಹೆಸರಿನ ಮೇಲೆ ದೊಡ್ಡದೊಂದು ಬೊಟ್ಟು ಒತ್ತಿಬಿಟ್ಟಿದ್ದರು. ಓದಲು ಬರುವಂತೆ ಉಳಿದದ್ದು ಗಣಿತದ ಅಂಕ ಮಾತ್ರ. ನಾನು ಹೇಗೋ ದಾಟಿಕೊಂಡಿದ್ದ ವಿಷಯವೂ ಅದೇ.

ಟೀಚರ್ ಟ್ರೈನಿಂಗಿನ ಸಂದರ್ಶನ ಹತ್ತಿರದಲ್ಲೇ ಇತ್ತು. ಸರ್ಟಿಫಿಕೇಟು ತೋರಿಸದಿದ್ದರೆ ಸೀಟಿಲ್ಲ. ಮುಂದಿನ ವರ್ಷ ನೋಡೋಣ ಎನ್ನುವಂತಿರಲಿಲ್ಲ, ಅಪ್ಪ ಆಗಲೇ ನನಗೆ ಗಂಡು ಹುಡುಕುತ್ತಿದ್ದರು. ನಾನು ಅಳುತ್ತಾ ಕೂತೆ.

"ಕೆಡಿಸ್ದೋಳು ನಾನು, ಕೇಳಾಕೂ ನಾನೇ ಬತ್ತೀನಿ. ಏಳು ಮಗ," ಎಂದು ದೊಡ್ಡಮ್ಮ ಮಾರನೆಯ ದಿನ ಹಾಲು ಕರೆದು ಮುಗಿಸಿ ನನ್ನೊಡನೆ ಬಸ್ಸು ಹತ್ತಿದರು.

ಪರೀಕ್ಷಾ ಕಚೇರಿಯ ಗುಮಾಸ್ತರು ಹೊಸ ಪ್ರತಿ ಕೇಳಿ ನಾನು ಬರೆದಿದ್ದ ಅರ್ಜಿ ನೋಡಿ, "ಹೆಂಗಮ್ಮ ಹಾಳಾಯ್ತು?" ಎಂದರು.

"ಆಳಾಗಿಲ್ಲ ಕಣಪ್ಪ, ಪೂಜೆ ಆಗೈತೆ," ಎಂದರು ದೊಡ್ಡಮ್ಮ.

ಗುಮಾಸ್ತರು ಕನ್ನಡಕ ತೆಗೆದರು. ಈ ಕಾರಣ ಮೇಲಿನವರು ಒಪ್ಪುವುದು ಕಷ್ಟ, ಮಳೆಗೆ ನೆನೆಯಿತು ಎಂದು ಬರೆಯೋಣ ಎಂದರು. ದೊಡ್ಡಮ್ಮ ಜಪ್ಪಯ್ಯ ಅಂದರೂ ಕೇಳಲಿಲ್ಲ. "ಸರಸ್ವತಿ ಕೆಲ್ಸಕ್ಕೆ ಸುಳ್ಳು ಬರ್ಯಾದಾ? ನಾನಿಟ್ಟೆ ಅಂತ್ಲೇ ಬರಿ. ಎಬ್ಬೆಟ್ಟು ಒತ್ತೀನಿ." ನನ್ನ ಸೀಟು ಹೋದ ಹಾಗೇ ಎಂದುಕೊಂಡೆ. ಗುಮಾಸ್ತರು ನಗು ತಡೆಯಲಾರದೆ ಹಾಗೇ ಬರೆದುಕೊಂಡರು.

ಸಂದರ್ಶನಕ್ಕೆ ಮುಂಚೆ ಹೊಸ ಪ್ರತಿ ಅಂಚೆಯಲ್ಲಿ ಬಂದೇಬಿಟ್ಟಿತು. ದೊಡ್ಡಮ್ಮ ಕುಂಕುಮದ ಭರಣಿ ಹಿಡಿದೇ ಓಡಿಬಂದರು. ಅಮ್ಮ ಹೊಸ ಪ್ರತಿಯನ್ನು ಮೇಲೆತ್ತಿ ಹಿಡಿದು, "ಇದನ್ನ ಮಾತ್ರ ಮುಟ್ಬೇಡಿ ಅಕ್ಕ," ಎಂದಳು. "ಮುಟ್ಟಾಕಿಲ್ಲ ಬಿಡವ್ವ," ಎಂದವರು ಆ ಬೊಟ್ಟನ್ನು ನನ್ನ ಹಣೆಗೇ ಒತ್ತಿದರು. ನನಗೆ ಸೀಟು ಸಿಕ್ಕಿತು. ಆಮೇಲೆ ಪ್ರತಿ ನವರಾತ್ರಿಗೂ, "ಒಂದೇ ಒಂದು ಬೊಟ್ಟು, ಮೂಲೇಲಿ..." ಎಂದು ಕೇಳುತ್ತಿದ್ದರು. ನಾನು ನಕ್ಕು ಪೆಟ್ಟಿಗೆಗೆ ಬೀಗ ಹಾಕುತ್ತಿದ್ದೆ.

ದೊಡ್ಡಮ್ಮ ಹೋಗಿ ಬಹಳ ವರ್ಷಗಳಾದವು. ಮಕ್ಕಳಿಗೆ ಪಾಠ ಹೇಳಿ ನಾನು ನಿವೃತ್ತಳಾಗಿಯೂ ಬಹಳ ಕಾಲವಾಯಿತು. ಹಬ್ಬ ಬಂದರೆ ಅವರಿಲ್ಲದ್ದು ಈಗಲೂ ಬೇಸರವೇ. ಮೊನ್ನೆ ಹೊಸ ಪ್ರತಿಯನ್ನೂ ಹೊರತೆಗೆದು ದೇವರ ಮುಂದಿಟ್ಟೆ. ನೀರಲ್ಲಿ ಕುಂಕುಮ ಕಲಸಿದೆ. ಮೂಲೆಯಲ್ಲಲ್ಲ, ನನ್ನ ಹೆಸರಿನ ಮೇಲೆಯೇ ದೊಡ್ಡದೊಂದು ಬೊಟ್ಟು ಒತ್ತಿದೆ.